ಸಣ್ಣ ಊರಿನ ಮೋಟೆಲ್ ಕೊಳ್ಳುವ ಮುನ್ನ

ಪ್ರಶ್ನೆ: ನಾವು ಹಾಸನ ಜಿಲ್ಲೆಯವರು. ಏಳು ವರ್ಷಗಳಿಂದ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ, ಕಾಯಂ ನಿವಾಸದ ಹಕ್ಕೂ ಸಿಕ್ಕಿದೆ. ನಾನು ಗೋದಾಮೊಂದರಲ್ಲಿ ಮೇಲ್ವಿಚಾರಕ. ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಸುಮಾರು 1,800 ಜನರಿರುವ ಪಟ್ಟಣವೊಂದರಲ್ಲಿ 18 ಕೊಠಡಿಗಳ ಮೋಟೆಲ್ ಮತ್ತು ಅದಕ್ಕೆ ಸೇರಿದ ಕೆಫೆ ಮಾರಾಟಕ್ಕಿವೆ. ಬೆಲೆ ಏಳೂವರೆ ಲಕ್ಷ ಡಾಲರ್. ಎರಡು ಲಕ್ಷ ಡಾಲರ್ ನಾವು ಹಾಕಬೇಕು, ಉಳಿದದ್ದಕ್ಕೆ ಸಾಲ. ಆ ಎರಡು ಲಕ್ಷದ ಬಹುಪಾಲು ಊರಿನ ಜಮೀನು ಮಾರಿ ಬರಬೇಕು, ಅಪ್ಪ ಒಪ್ಪಿದ್ದಾರೆ. ಕೆಫೆಯನ್ನು ದೋಸೆ-ಇಡ್ಲಿ ಹೋಟೆಲ್ ಮಾಡಬೇಕೆಂಬುದು ನನ್ನ ಹೆಂಡತಿಯ ಆಸೆ. ಆ ಊರಿನಲ್ಲಿ ಒಂದು ಭಾರತೀಯ ಕುಟುಂಬವೂ ಇಲ್ಲ. ನಮ್ಮನ್ನು ಸೇರಿಸಿಕೊಳ್ಳುತ್ತಾರೆಯೇ? ಕೊಳ್ಳಬಹುದೇ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಬೆಲೆಗೆ ಬೇಡ. ಬೆಲೆ ಇಳಿದರೆ, ಕೆಫೆಯನ್ನು ಸದ್ಯಕ್ಕೆ ಈಗಿರುವಂತೆಯೇ ನಡೆಸಲು ನಿಮ್ಮ ಮನೆಯವರು ಒಪ್ಪಿದರೆ, ಕೊಳ್ಳಬಹುದು. ಊರಿನವರು ಸೇರಿಸಿಕೊಳ್ಳುತ್ತಾರೆಯೇ ಎಂಬ ಚಿಂತೆ ನಿಮಗೆ ದೊಡ್ಡದಾಗಿ ಕಾಣುತ್ತಿದೆ. ಜನವರಿ ತಿಂಗಳ ಒಂದು ಮಂಗಳವಾರ ರಾತ್ರಿ ಆ ಹದಿನೆಂಟು ಕೊಠಡಿಗಳಲ್ಲಿ ಯಾರು ಮಲಗುತ್ತಾರೆ ಎಂಬ ಚಿಂತೆ ಅದಕ್ಕಿಂತ ದೊಡ್ಡದಾಗಬೇಕು. ಇಂಥ ಊರುಗಳ ವ್ಯಾಪಾರಗಳ ಲೆಕ್ಕಪತ್ರ ನೋಡುವುದು ನನ್ನ ಕಸುಬು. ನಾನು ನೋಡಿದಂತೆ, ವಲಸೆ ಬಂದವರ ಅಂಗಡಿ ಊರಿನವರ ತಾತ್ಸಾರದಿಂದ ಮುಚ್ಚುವುದು ಅಪರೂಪ. ಕೊಂಡ ದಿನವೇ ತಪ್ಪಿದ ಲೆಕ್ಕದಿಂದ ಮುಚ್ಚುವುದು ಮಾಮೂಲು.

ಈ ಮೋಟೆಲ್ ಏಕೆ ಮಾರಾಟಕ್ಕಿದೆ ಎಂದು ನೀವು ಬರೆದಿಲ್ಲ. ಬಹುಶಃ ಮಾಲೀಕರಿಗೆ ವಯಸ್ಸಾಗಿದೆ, ಮಕ್ಕಳು ಕ್ಯಾಲ್ಗರಿಯಲ್ಲೋ ಸಸ್ಕಟೂನ್‌ನಲ್ಲೋ ಕೆಲಸ ಹಿಡಿದಿದ್ದಾರೆ. ಹಾಗಿದ್ದರೆ ಅದು ಒಳ್ಳೆಯ ಸುದ್ದಿ. ಕೆನಡಾದ ಸ್ವತಂತ್ರ ವ್ಯಾಪಾರಗಳ ಒಕ್ಕೂಟ 2023ರ ಆರಂಭದಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮುಂದಿನ ಹತ್ತು ವರ್ಷಗಳಲ್ಲಿ ವ್ಯಾಪಾರ ಬಿಟ್ಟುಕೊಡಬೇಕೆಂದಿರುವ ಸಣ್ಣ ಮಾಲೀಕರು ಶೇ 76. ಯಾರಿಗೆ, ಹೇಗೆ ಬಿಟ್ಟುಕೊಡಬೇಕೆಂದು ಕ್ರಮಬದ್ಧ ಯೋಜನೆ ಮಾಡಿಟ್ಟುಕೊಂಡವರು ಶೇ 9 ಮಾತ್ರ. ನಗರದಲ್ಲಿ ಇಂಥ ಅಂಗಡಿಯನ್ನು ಯಾರಾದರೂ ಕೊಳ್ಳುತ್ತಾರೆ. 1,800 ಜನರ ಊರಿನಲ್ಲಿ ಕೊಳ್ಳುವವರು ಸಿಗದೆ ಬಾಗಿಲು ಹಾಕಿದರೆ ಊರಿಗಿದ್ದ ಒಂದೇ ಒಂದು ಮೋಟೆಲ್ ಹೋಗುತ್ತದೆ. ಹೊರಗಿನಿಂದ ಬಂದವರು ಸಣ್ಣ ಊರಿನೊಳಗೆ ಕಾಲಿಡುವುದು ಬಹುಮಟ್ಟಿಗೆ ಹೀಗೆಯೇ, ಯಾರೋ ಬಿಟ್ಟು ಹೊರಟ ಬಾಗಿಲಿನಿಂದ. ಹೊಸ ಬಾಗಿಲು ಕೊರೆದು ಬಂದವರು ಕಡಿಮೆ. ಹಾಗಾಗಿ ಬಿಟ್ಟು ಹೋಗುತ್ತಿರುವವರು ವಯಸ್ಸಿನ ಕಾರಣಕ್ಕೆ ಹೋಗುತ್ತಿದ್ದಾರೋ, ಊರಿನ ಬಗ್ಗೆ ನಿಮಗೆ ಗೊತ್ತಿಲ್ಲದ ಏನನ್ನಾದರೂ ತಿಳಿದುಕೊಂಡು ಹೋಗುತ್ತಿದ್ದಾರೋ ಎಂಬುದನ್ನು ಪತ್ತೆ ಮಾಡುವುದೇ ನಿಮ್ಮ ಮೊದಲ ಕೆಲಸ.

ಅಮೆರಿಕದ ಗುಜರಾತಿ ಮೋಟೆಲ್‌ಗಳ ಕಥೆ ಇದಕ್ಕೆ ಅತ್ಯಂತ ದೊಡ್ಡ ಉದಾಹರಣೆ. 'ಪಟೇಲರು ಮಾಡಿದ್ದನ್ನು ನಾವೇಕೆ ಮಾಡಬಾರದು' ಎಂಬ ಯೋಚನೆ ನಿಮ್ಮ ತಲೆಯಲ್ಲೂ ಓಡುತ್ತಿರಬಹುದು. ಅವರು ಮಾಡಿದ್ದೇನು ಎಂದು ನೋಡೋಣ. 1942ರಲ್ಲಿ ಕಾಂಜಿಭಾಯಿ ದೇಸಾಯಿ ಎಂಬ ಗುಜರಾತಿ ಕೃಷಿ ಕಾರ್ಮಿಕರು ಇನ್ನಿಬ್ಬರ ಜೊತೆಗೂಡಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಒಂದು ಸಾಧಾರಣ ಹೋಟೆಲನ್ನು ನಡೆಸಲು ವಹಿಸಿಕೊಂಡರು. ಅದನ್ನು ಬಿಟ್ಟು ಹೋದವರು ಜಪಾನಿ ಮೂಲದ ಮಾಲೀಕರು; ಯುದ್ಧದ ಕಾಲದಲ್ಲಿ ಸರ್ಕಾರ ಅವರನ್ನು ಬಂಧನ ಶಿಬಿರಕ್ಕೆ ಕಳುಹಿಸಿತ್ತು. ಒಬ್ಬ ವಲಸಿಗನಿಗೆ ತೆರೆದ ಬಾಗಿಲು ಇನ್ನೊಬ್ಬ ವಲಸಿಗನನ್ನು ಹೊರಗಟ್ಟಿದ ಬಾಗಿಲೂ ಆಗಿತ್ತು. ಈ ವ್ಯಾಪಾರದ ಕಥೆ ಹೇಳುವಾಗ ಇದನ್ನು ಮರೆಸಿ ಹೇಳುವವರೇ ಹೆಚ್ಚು. ಮುಂದೆ 1956ರ ಕಾನೂನಿನಂತೆ ಅಂತರರಾಜ್ಯ ಹೆದ್ದಾರಿಗಳು ಬಂದು ಹಳೆಯ ರಸ್ತೆಗಳ ಪಕ್ಕದ ಮೋಟೆಲ್‌ಗಳು ಸೊರಗಿದವು. 1973ರ ತೈಲ ಬಿಕ್ಕಟ್ಟು ಬಂದಾಗ ಕಾರಿನಲ್ಲಿ ಊರೂರು ತಿರುಗುವವರು ಕಡಿಮೆಯಾದರು. ವಯಸ್ಸಾದ ಬಿಳಿಯ ದಂಪತಿಗಳು ಸಿಕ್ಕ ಬೆಲೆಗೆ ಮಾರಿದರು. 1965ರ ವಲಸೆ ಕಾನೂನಿನ ನಂತರ ಬಂದ ಗುಜರಾತಿಗಳು, 1972ರಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟು ಉಗಾಂಡದಿಂದ ಹೊರಹಾಕಿದವರಲ್ಲಿ ಕೆಲವರು, ಕೊಂಡರು. ಇಂದು ಅಮೆರಿಕದ ಹೋಟೆಲ್‌ಗಳಲ್ಲಿ ಸುಮಾರು ಶೇ 60 ತನ್ನ ಸದಸ್ಯರವು ಎಂದು 1989ರಲ್ಲಿ ಅಟ್ಲಾಂಟಾದಲ್ಲಿ ಸ್ಥಾಪನೆಯಾದ ಏಷ್ಯನ್ ಅಮೆರಿಕನ್ ಹೋಟೆಲ್ ಮಾಲೀಕರ ಸಂಘ ಹೇಳುತ್ತದೆ.

ಅವರ ಬಳಿ ಮೂರು ಬಂಡವಾಳಗಳಿದ್ದವು. ಹೊರಟು ನಿಂತ ಮಾರಾಟಗಾರನಿಂದ ಕಡಿಮೆ ಬೆಲೆ. ಸಂಬಳವಿಲ್ಲದ ಮನೆಮಂದಿಯ ದುಡಿಮೆ: ಕಚೇರಿಯ ಹಿಂದಿನ ಎರಡು ಕೋಣೆಗಳಲ್ಲೇ ಸಂಸಾರ, ಶಾಲೆಯಿಂದ ಬಂದ ಮಕ್ಕಳ ಕೈಗೆ ಟವೆಲ್ ಮಡಿಸುವ ಕೆಲಸ, ರಾತ್ರಿ ಎರಡಕ್ಕೆ ಗಂಟೆ ಬಾರಿಸಿದರೂ ಎದ್ದು ಹೋಗುವ ಗಂಡನೋ ಹೆಂಡತಿಯೋ. ಮೂರನೆಯದು ಬಂಧುಬಳಗದ ಕೈಗಡ. ಪತ್ರವಿಲ್ಲ, ಒತ್ತೆಯಿಲ್ಲ, ಬಾಯಿಮಾತಿನ ಮೇಲೆ. ನಿಮ್ಮಲ್ಲಿ ಇವುಗಳಲ್ಲಿ ಎಷ್ಟಿವೆ? ಮೊದಲನೆಯದು ಇರಬಹುದು, ಬೆಲೆ ಇಳಿಸಿದರೆ. ಎರಡನೆಯದು ಇಬ್ಬರಿಗೆ ಮಾತ್ರ ಸೀಮಿತ. ಮೂರನೆಯದು ಇಲ್ಲ. ಕೈಗಡ ಕೊಡುತ್ತಿದ್ದ ಬಂಧುಗಳು ಹಣದ ಜೊತೆಗೆ ತಿಳಿವಳಿಕೆಯನ್ನೂ ಕೊಡುತ್ತಿದ್ದರು ಎಂಬುದನ್ನು ಗಮನಿಸಿ. ಬಾಯ್ಲರ್ ಕೆಟ್ಟರೆ ಯಾರನ್ನು ಕರೆಯಬೇಕು, ಹಣ ಕೊಡದೆ ಹೋಗುವ ಗಿರಾಕಿಯನ್ನು ಗುರುತಿಸುವುದು ಹೇಗೆ, ಯಾವ ತಿಂಗಳು ಬಣ್ಣ ಹೊಡೆಸಬೇಕು ಎಂಬುದೆಲ್ಲ ನೂರು ಮೈಲಿ ಆಚೆಯ ಭಾವನಿಗೆ ಗೊತ್ತಿರುತ್ತಿತ್ತು. ಒಂದು ವರ್ಷ ಕೈ ಕಚ್ಚಿದರೆ ಮತ್ತೊಂದು ಕೈಗಡ ಸಿಗುತ್ತಿತ್ತು. ನಿಮಗಿರುವುದು ಅಪ್ಪನ ಜಮೀನು. ಅದನ್ನು ಒಂದೇ ಸಲ ಮಾರಬಹುದು.

ಈಗ ಲೆಕ್ಕಕ್ಕೆ ಬರೋಣ. ಅಂಕಿಗಳು ನನ್ನ ಊಹೆ. ನಿಮ್ಮ ಮಾರಾಟಗಾರರ ನಿಜವಾದ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿ ನೋಡಿ. ಹದಿನೆಂಟು ಕೊಠಡಿ, ವರ್ಷಕ್ಕೆ 6,570 ರಾತ್ರಿ. ಅದರಲ್ಲಿ ಶೇ 45 ತುಂಬಿದರೆ, ರಾತ್ರಿಗೆ 85 ಡಾಲರ್‌ನಂತೆ, ಸುಮಾರು 2,51,000 ಡಾಲರ್ ಆದಾಯ. ಬಿಸಿ ಮಾಡುವ ಅನಿಲ, ವಿದ್ಯುತ್, ವಿಮೆ, ಆಸ್ತಿ ತೆರಿಗೆ, ಬಟ್ಟೆ ಒಗೆತ, ಆನ್‌ಲೈನ್ ಬುಕಿಂಗ್ ತಾಣಗಳ ಕಮಿಷನ್, ದುರಸ್ತಿ ಎಲ್ಲ ಸೇರಿ 1,38,000 ಹೋಯಿತೆನ್ನಿ. ಉಳಿದದ್ದು 1,13,000. ಐದೂವರೆ ಲಕ್ಷದ ಸಾಲಕ್ಕೆ ಶೇ 7ರ ಬಡ್ಡಿ, 20 ವರ್ಷದ ಅವಧಿ ಎಂದರೆ ಕಂತು ವರ್ಷಕ್ಕೆ 51,000 ಆಗುತ್ತದೆ. ಕೈಗೆ ಬರುವುದು 62,000. ಕೆಫೆ ಲಾಭವಿಲ್ಲದಿದ್ದರೂ ನಷ್ಟವಿಲ್ಲದೆ ನಡೆಯುತ್ತದೆ ಎಂದುಕೊಂಡಿದ್ದೇನೆ.

ಅರವತ್ತೆರಡು ಸಾವಿರ ಎಂದರೆ ಕೆಟ್ಟದ್ದಲ್ಲ ಎನ್ನಿಸುತ್ತದೆ. ಆದರೆ ನೀವಿಬ್ಬರೂ ವಾರಕ್ಕೆ 60 ಗಂಟೆ ದುಡಿಯುತ್ತೀರಿ. ಮೋಟೆಲ್ ನಡೆಸುವವರು ಅದಕ್ಕಿಂತ ಕಡಿಮೆ ದುಡಿದದ್ದನ್ನು ನಾನು ಕಂಡಿಲ್ಲ. ಗಂಟೆಗೆ 15 ಡಾಲರ್ ಕೂಲಿ ಹಿಡಿದರೂ ಇಬ್ಬರ ವರ್ಷದ ದುಡಿಮೆಗೆ 93,600 ಡಾಲರ್ ಆಗುತ್ತದೆ. ಅಂದರೆ ಬೇರೆಯವರ ಮೋಟೆಲ್‌ನಲ್ಲಿ ಹಾಸಿಗೆ ಹಾಸಲು ಹೋದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ. ಮಾರುವವರು ತೋರಿಸುವ 'ಲಾಭ' ಎಂಬ ಸಾಲಿನೊಳಗೆ ಅವರ ಹೆಂಡತಿಯ ಮೂವತ್ತು ವರ್ಷದ ಕೊಡದ ಸಂಬಳ ಅಡಗಿ ಕೂತಿರುತ್ತದೆ, ಮತ್ತು ದಲ್ಲಾಳಿ ಅದನ್ನೇ ನಿಮಗೆ ಗುಡ್‌ವಿಲ್ (ವ್ಯಾಪಾರ ಗಳಿಸಿದ ಹೆಸರಿನ ಬೆಲೆ) ಎಂದು ಮಾರುತ್ತಾನೆ. ನಿಮ್ಮ ಮನೆಯವರನ್ನು ಕೂರಿಸಿಕೊಂಡು ಈ ಸಾಲನ್ನು ತೋರಿಸಿ. ಅವರ ಕೆಲಸಕ್ಕೆ ಬೆಲೆ ಕಟ್ಟದೆ ಮಾಡಿದ ಯಾವ ಲೆಕ್ಕವನ್ನೂ ನಾನು ಒಪ್ಪುವುದಿಲ್ಲ.

ಇನ್ನು ಕೊಠಡಿ ತುಂಬುವುದು ಶೇ 35ಕ್ಕೆ ಇಳಿದರೆ ಆದಾಯ 1,95,000. ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ; ಖಾಲಿ ಕೊಠಡಿಯ ಕೊಳವೆಯೂ ಮೈನಸ್ 40 ಡಿಗ್ರಿಯಲ್ಲಿ ಹೆಪ್ಪುಗಟ್ಟದಂತೆ ಬಿಸಿ ಮಾಡಲೇಬೇಕು. 1,30,000 ಖರ್ಚು, 51,000 ಕಂತು ಕಳೆದರೆ ವರ್ಷಕ್ಕೆ 14,000 ಉಳಿಯಿತು. ಅಷ್ಟರಲ್ಲಿ ಛಾವಣಿ ಸೋರಿದರೆ ಮುಗಿಯಿತು. ಅದೇ ಮೋಟೆಲ್ ಐದೂವರೆ ಲಕ್ಷಕ್ಕೆ ಸಿಕ್ಕರೆ ಸಾಲ ಮೂರೂವರೆ ಲಕ್ಷ, ಕಂತು ವರ್ಷಕ್ಕೆ 33,000ದ ಒಳಗೆ. ಒಳ್ಳೆಯ ವರ್ಷ 80,000, ಕೆಟ್ಟ ವರ್ಷ 32,000. ವಾಸಕ್ಕೆ ಮನೆ ಪ್ರತ್ಯೇಕ ಬೇಕಿಲ್ಲ, ಅಸಲು ತೀರುತ್ತಾ ಹೋಗುತ್ತದೆ. ಆಗ ನಾನೂ ಹೂಂ ಎನ್ನುತ್ತೇನೆ.

ಶೇ 45 ತುಂಬುತ್ತದೆಯೇ ಎಂಬುದು ಆ ಊರು ಯಾವುದರ ಮೇಲೆ ಬದುಕುತ್ತಿದೆ ಎಂಬುದರ ಮೇಲೆ ನಿಂತಿದೆ. ಪ್ರವಾಸಿಗಳು ಬಂದು ತುಂಬುವ ಊರುಗಳಲ್ಲ ಇವು. ಅಲ್ಲಿ ಮಲಗುವವರು ತೈಲಬಾವಿಯ ತಂಡದವರು, ಪೊಟ್ಯಾಶ್ ಗಣಿಗೆ ಬಂದ ಗುತ್ತಿಗೆ ಕೆಲಸಗಾರರು, ರಸ್ತೆ ಹಾಕುವವರು, ಶರತ್ಕಾಲದಲ್ಲಿ ಬಾತುಕೋಳಿ ಮತ್ತು ಜಿಂಕೆ ಬೇಟೆಗೆ ಬರುವವರು, ಮಕ್ಕಳ ಹಾಕಿ ಪಂದ್ಯಾವಳಿಗೆ ಬಂದ ತಂದೆತಾಯಂದಿರು, ಮದುವೆಗೂ ಅಂತ್ಯಕ್ರಿಯೆಗೂ ಬಂದ ನೆಂಟರು. ಮೂರು ವರ್ಷಗಳ ಲೆಕ್ಕವನ್ನು ತಿಂಗಳ ಪ್ರಕಾರ, ಗಿರಾಕಿಯ ಹೆಸರಿನ ಪ್ರಕಾರ ಕೇಳಿ. ಮುಕ್ಕಾಲು ಪಾಲು ಬಿಲ್ ಒಂದೇ ಕಂಪನಿಯ ಹೆಸರಿನಲ್ಲಿದ್ದರೆ ನೀವು ಕೊಳ್ಳುತ್ತಿರುವುದು ಆ ಕಂಪನಿಯ ಒಂದು ಗುತ್ತಿಗೆಯನ್ನು. ಅದು ಮುಗಿಯುವ ತಾರೀಖು ಮಾರಾಟಗಾರರಿಗೆ ಗೊತ್ತಿರುತ್ತದೆ.

ಒಂದೇ ಉದ್ಯೋಗದಾತನನ್ನು ನಂಬಿದ ಊರು ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನೆಬ್ರಾಸ್ಕಾದ ಲೆಕ್ಸಿಂಗ್ಟನ್ ಊರನ್ನು ನೋಡಿ. 1990ರಲ್ಲಿ ಅಲ್ಲಿ ಗೋಮಾಂಸ ಸಂಸ್ಕರಣೆಯ ದೊಡ್ಡ ಕಾರ್ಖಾನೆ ತೆರೆಯಿತು. ಮೆಕ್ಸಿಕೊ, ಗ್ವಾಟೆಮಾಲಾ, ಸೊಮಾಲಿಯಾದಿಂದ ಬಂದ ಕೆಲಸಗಾರರು ನೆಲೆಸಿದರು. ಅವರ ಹಿಂದೆಯೇ ಅವರದೇ ದಿನಸಿ ಅಂಗಡಿ, ಬೇಕರಿ, ಊರಿಗೆ ಹಣ ಕಳುಹಿಸುವ ಅಂಗಡಿಗಳು ಬಂದವು. ಬಿಕೋ ಎನ್ನುತ್ತಿದ್ದ ಮುಖ್ಯ ಬೀದಿಗೆ ಜೀವ ಬಂತು. ಸುಮಾರು 11,000 ಜನರ ಆ ಊರಿನ ಕಾರ್ಖಾನೆಯನ್ನು, ಸುಮಾರು 3,200 ಕೆಲಸಗಳ ಸಮೇತ, 2026ರ ಜನವರಿಯಲ್ಲಿ ಮುಚ್ಚುವುದಾಗಿ ಟೈಸನ್ ಕಂಪನಿ 2025ರ ನವೆಂಬರ್‌ನಲ್ಲಿ ಘೋಷಿಸಿತು. ಮಳಿಗೆ ಇಟ್ಟವರು ತಮ್ಮ ಗಿರಾಕಿಗಳ ವಿಷಯದಲ್ಲಿ ಯಾವ ತಪ್ಪನ್ನೂ ಮಾಡಿರಲಿಲ್ಲ. ಐಯೊವಾದ ಪೋಸ್ಟ್‌ವಿಲ್‌ನಲ್ಲಿ 2008ರ ಮೇ 12ರಂದು ವಲಸೆ ಅಧಿಕಾರಿಗಳು ಮಾಂಸದ ಕಾರ್ಖಾನೆಯ ಮೇಲೆ ದಾಳಿ ಮಾಡಿ ಒಂದೇ ದಿನ 389 ಜನರನ್ನು ಬಂಧಿಸಿದಾಗಲೂ ಹಾಗೆಯೇ: ಊರಿನ ಜನಸಂಖ್ಯೆಯೇ ಎರಡು ಸಾವಿರ ಚಿಲ್ಲರೆ, ಗಿರಾಕಿಗಳೇ ಮಾಯವಾದರು.

ಸಸ್ಕಾಚೆವಾನ್‌ನ ಊರುಗಳು ಇಷ್ಟು ಥಟ್ಟನೆ ಬೀಳುವುದಿಲ್ಲ, ನಿಧಾನವಾಗಿ ಸವೆಯುತ್ತವೆ. ಧಾನ್ಯ ಸಾಗಣೆಗೆ ಇದ್ದ ಸರ್ಕಾರದ ರೈಲು ಸಹಾಯಧನ 1995ರಲ್ಲಿ ನಿಂತ ಮೇಲೆ ಊರೂರಿನ ಮರದ ಧಾನ್ಯ ಕಣಜಗಳು ಇನ್ನಷ್ಟು ಬೇಗ ಮುಚ್ಚಿದವು, ಹಳಿಗಳನ್ನು ಕಿತ್ತರು, ರೈತರು ದೊಡ್ಡ ಊರಿಗೆ ಲಾರಿ ಹೊಡೆದುಕೊಂಡು ಹೋಗಿ ಅಲ್ಲೇ ಸಾಮಾನು ಕೊಳ್ಳತೊಡಗಿದರು. ಪ್ರಾಂತ್ಯ ಸರ್ಕಾರದ ಬಸ್ ಸಂಸ್ಥೆಯನ್ನು 2017ರ ಮೇ ತಿಂಗಳ ಕೊನೆಗೆ ಮುಚ್ಚಿದರು. ಮರುವರ್ಷ ಗ್ರೇಹೌಂಡ್ ಬಸ್ಸುಗಳೂ ಪಶ್ಚಿಮ ಕೆನಡಾದಿಂದ ಹೊರಟುಹೋದವು. ಇದರ ಅರ್ಥ ನಿಮಗೆ ಏನೆಂದರೆ, ಕಾರಿಲ್ಲದ ಕೆಲಸದವರು ನಿಮ್ಮಲ್ಲಿಗೆ ಬರಲಾರರು. ಆಸ್ಪತ್ರೆಯ ತುರ್ತು ವಿಭಾಗ ಇಪ್ಪತ್ತನಾಲ್ಕು ಗಂಟೆಯೂ ತೆರೆದಿದೆಯೇ, ಶಾಲೆಯ ಒಂದನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ವಿಚಾರಿಸಿ. ಹತ್ತು ವರ್ಷದ ಮೇಲಿನ ಊರನ್ನು ಒಂದನೇ ತರಗತಿ ತೋರಿಸುತ್ತದೆ; ಪುರಸಭೆಯ ಕರಪತ್ರ ತೋರಿಸುವುದಿಲ್ಲ. ಮತ್ತೊಂದು ವಿಷಯ: ಆ ಪ್ರಾಂತ್ಯದಲ್ಲಿ ಸಹಕಾರ ಚಳವಳಿ ಬೇರುಬಿಟ್ಟಿದೆ. ಅನೇಕ ಊರುಗಳಲ್ಲಿ ಪೆಟ್ರೋಲ್ ಬಂಕ್ ಮತ್ತು ದಿನಸಿ ಅಂಗಡಿ ಊರಿನವರೇ ಸದಸ್ಯರಾಗಿರುವ ಕೋ-ಆಪ್‌ನವು. ಮುಂದೆ 'ಮೋಟೆಲ್ ಜೊತೆ ಒಂದು ಅಂಗಡಿಯನ್ನೂ ಇಡೋಣ' ಎನ್ನಿಸಿದರೆ ನಿಮ್ಮ ಪೈಪೋಟಿ ನಿಮ್ಮ ಗಿರಾಕಿಗಳ ಸ್ವಂತ ಅಂಗಡಿಯೊಂದಿಗೆ ಎಂಬುದು ನೆನಪಿರಲಿ.

ಈಗ ದೋಸೆಯ ವಿಷಯ. ನಿಮ್ಮ ಮನೆಯವರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ: ಮೊದಲ ವರ್ಷ ಕೆಫೆಯ ಫಲಕವನ್ನಾಗಲಿ ಮೆನುವನ್ನಾಗಲಿ ಮುಟ್ಟಬೇಡಿ. ಅಂಥ ಊರಿನ ಕೆಫೆ ಬರೀ ತಿಂಡಿ ಅಂಗಡಿಯಲ್ಲ. ನಮ್ಮ ಅರಳಿಕಟ್ಟೆ ಇದ್ದ ಹಾಗೆ. ಅಲ್ಲಿಯವರು 'ಕಾಫಿ ರೋ' ಎಂದು ಕರೆಯುವ ಪದ್ಧತಿ ಇದೆ. ಬೆಳಗ್ಗೆ ವಯಸ್ಸಾದ ರೈತರು ಬಂದು ತಮ್ಮ ತಮ್ಮ ಮಾಮೂಲು ಕುರ್ಚಿಯಲ್ಲಿ ಕೂರುತ್ತಾರೆ. ಒಂದು ಕಪ್ ಕಾಫಿಗೆ ದುಡ್ಡು ಕೊಟ್ಟು ಮೂರು ಸಲ ತುಂಬಿಸಿಕೊಳ್ಳುತ್ತಾರೆ. ಮಳೆ, ಕ್ಯಾನೋಲ ಎಣ್ಣೆಕಾಳಿನ ಬೆಲೆ, ಯಾರ ಟ್ರ್ಯಾಕ್ಟರ್ ಕೆಟ್ಟಿತು, ಯಾರ ಮನೆ ಮಾರಾಟಕ್ಕಿದೆ ಎಂಬುದೆಲ್ಲ ಅಲ್ಲೇ ಇತ್ಯರ್ಥ. ಕೆಲವು ಊರುಗಳಲ್ಲಿ ಬಿಲ್ ಯಾರು ಕೊಡಬೇಕೆಂದು ದಾಳ ಉರುಳಿಸುತ್ತಾರೆ. ಈ ಮೇಜಿನಿಂದ ಲಾಭ ಬರುವುದಿಲ್ಲ. ಆದರೆ ನಿಮ್ಮ ನೀರಿನ ಕೊಳವೆ ಒಡೆದ ರಾತ್ರಿ ಬರುವ ಪ್ಲಂಬರ್ ಯಾರ ಅಳಿಯ ಎಂಬುದು ಈ ಮೇಜಿಗೆ ಗೊತ್ತು. ಆರು ಗಂಟೆಗೆ ಕದ ತೆರೆದು, ಮೊಟ್ಟೆ, ಹುರಿದ ಆಲೂಗಡ್ಡೆ, ಟೋಸ್ಟ್ ಕೊಡುವವರು ಅವರಿಗೆ ಬೇಕು. ಮನೆಯಲ್ಲಿ ಮೊಟ್ಟೆ, ಮಾಂಸ ಮುಟ್ಟುವವರಲ್ಲವಾದರೆ ಇದನ್ನು ಈಗಲೇ ಯೋಚಿಸಿ; ಕೊಂಡ ಮೇಲೆ ಬೇಕನ್ ಕರಿಯಲು ಆಗುವುದಿಲ್ಲ ಎಂದರೆ ಆ ಕೆಫೆ ನಡೆಯುವುದಿಲ್ಲ. ಅಡುಗೆಯವರನ್ನು ಇಟ್ಟುಕೊಳ್ಳುವುದಾದರೆ ಆ ಸಂಬಳ ಲೆಕ್ಕಕ್ಕೆ ಸೇರಬೇಕು.

ಇದೇ ಪ್ರಾಂತ್ಯದ ಚೀನೀ ಕೆಫೆಗಳಿಂದ ಕಲಿಯುವುದು ಬಹಳ ಇದೆ. ಕೆನಡಿಯನ್ ಪೆಸಿಫಿಕ್ ರೈಲುಮಾರ್ಗ 1885ರಲ್ಲಿ ಚೀನೀಯರ ದುಡಿಮೆಯಿಂದ ಮುಗಿದ ವರ್ಷವೇ, ದೇಶಕ್ಕೆ ಹೊಸದಾಗಿ ಬರುವ ಚೀನೀಯರ ಮೇಲೆ ತಲೆಗಂದಾಯ ಬಿತ್ತು: ಮೊದಲು 50 ಡಾಲರ್, 1903ರಲ್ಲಿ 500. ಬೇರೆ ಕಸುಬುಗಳಿಗೆ ಬಿಟ್ಟುಕೊಳ್ಳದಿದ್ದಾಗ ಅವರು ರೈಲು ನಿಲ್ದಾಣಗಳ ಹತ್ತಿರ ಲಾಂಡ್ರಿ, ಕೆಫೆ ಇಟ್ಟರು. ಪ್ರೇರಿ ಎಂಬ ಹುಲ್ಲುಗಾವಲು ಬಯಲಿನ ಪುಟ್ಟ ಊರುಗಳಲ್ಲೂ ಚೀನೀ ಕೆಫೆ ಮಾಮೂಲಾಯಿತು. ಅವರು ಮಾರಿದ್ದು ಮುಖ್ಯವಾಗಿ ಹಂದಿಮಾಂಸದ ಚಾಪ್, ಆಪಲ್ ಪೈ, ಕಾಫಿ. ಚೀನೀ ತಿನಿಸು ಮೆನುವಿನ ಇನ್ನೊಂದು ಬದಿಯಲ್ಲಿತ್ತು, ಅದೂ ಅಲ್ಲಿನವರ ನಾಲಗೆಗೆ ತಕ್ಕಂತೆ ಸಿಹಿ ಮಾಡಿದ್ದು. ಪಶ್ಚಿಮ ಕೆನಡಾದ ಅನೇಕ ಚೀನೀ ಹೋಟೆಲುಗಳಲ್ಲಿ ಇಂದು ಸಿಗುವ 'ಜಿಂಜರ್ ಬೀಫ್' ಹುಟ್ಟಿದ್ದು ಚೀನಾದಲ್ಲಲ್ಲ, 1970ರ ದಶಕದ ಕ್ಯಾಲ್ಗರಿಯಲ್ಲಿ. ನಿಮ್ಮ ಮನೆಯವರು ಮೊದಲ ವರ್ಷ ಮುಗಿದ ಮೇಲೆ ಗುರುವಾರ ಮಧ್ಯಾಹ್ನಕ್ಕೆ ಮಾತ್ರ ಮಸಾಲೆದೋಸೆ ಮಾಡಲಿ. ಅಲ್ಲಿನವರಿಗೆ ಉಕ್ರೇನಿನ ಆಲೂಗಡ್ಡೆ ಕಡುಬು 'ಪಿರೋಗಿ' ಚೆನ್ನಾಗಿ ಗೊತ್ತು. ಆಲೂಗಡ್ಡೆ ಪಲ್ಯ ಸುತ್ತಿದ ದೋಸೆ ಅವರಿಗೆ ಅಷ್ಟೇನೂ ಅಪರಿಚಿತ ಅನ್ನಿಸದು. ಇಡ್ಲಿಯ ಬಗ್ಗೆ ನನಗೆ ಭರವಸೆ ಕಡಿಮೆ.

ಈ ಮಾತಿಗೆ ಒಂದು ವಿನಾಯಿತಿ ಇದೆ. ನಿಮ್ಮ ಮೋಟೆಲ್ ಒಂದನೇ ಸಂಖ್ಯೆಯ ಟ್ರಾನ್ಸ್-ಕೆನಡಾ ಹೆದ್ದಾರಿಯ ಮೇಲೋ ಹದಿನಾರನೇ ಸಂಖ್ಯೆಯ ಯೆಲ್ಲೋಹೆಡ್ ಹೆದ್ದಾರಿಯ ಮೇಲೋ ಇದ್ದು, ದೊಡ್ಡ ಲಾರಿ ನಿಲ್ಲುವಷ್ಟು ಜಾಗವಿದ್ದರೆ ಲೆಕ್ಕ ಬೇರೆ. ಕೆನಡಾದ ಲಾರಿ ಚಾಲಕರಲ್ಲಿ ಪಂಜಾಬಿಗಳು ಬಹಳ; ಅವರಲ್ಲಿ ಸಸ್ಯಾಹಾರಿಗಳೂ ಇದ್ದಾರೆ, ಬಿಸಿ ಪರಾಠ ಮತ್ತು ಚಹಾಕ್ಕಾಗಿ ಐವತ್ತು ಕಿಲೋಮೀಟರ್ ಹೆಚ್ಚು ಓಡಿಸುವವರೂ ಇದ್ದಾರೆ. ಆಗ ನಿಮ್ಮ ಗಿರಾಕಿ ಊರಿನ 1,800 ಜನರಲ್ಲ, ರಸ್ತೆ. ಊರು ಯಾವ ರಸ್ತೆಯ ಮೇಲಿದೆ ಎಂದು ನೀವು ಬರೆದಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಸೇರಿಸಿಕೊಳ್ಳುತ್ತಾರೆಯೇ?

ಹಿಂದಿನದನ್ನು ಬಣ್ಣ ಹಚ್ಚದೆ ಹೇಳಬೇಕು. ಸಸ್ಕಾಚೆವಾನ್ ಶಾಸನಸಭೆ 1912ರಲ್ಲಿ ಒಂದು ಕಾನೂನು ಮಾಡಿತು: ಚೀನೀಯರ ಅಂಗಡಿ-ಹೋಟೆಲುಗಳಲ್ಲಿ ಬಿಳಿಯ ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಮೂಸ್ ಜಾ ಪಟ್ಟಣದ ಕ್ವಾಂಗ್ ವಿಂಗ್ ಎಂಬ ಹೋಟೆಲ್ ಮಾಲೀಕರು ಇಬ್ಬರು ಬಿಳಿಯ ಪರಿಚಾರಿಕೆಯರನ್ನು ಇಟ್ಟುಕೊಂಡಿದ್ದಕ್ಕೆ ಶಿಕ್ಷೆಗೊಳಗಾದರು. ಅವರು ಆ ವೇಳೆಗೆ ಬ್ರಿಟಿಷ್ ಪ್ರಜೆಯ ಹಕ್ಕು ಪಡೆದಿದ್ದವರು. 1914ರಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ ಗುಜರಾತಿಗಳ ಮೋಟೆಲ್‌ಗಳ ಎದುರು ಬದಿಯವರು 'ಇದು ಅಮೆರಿಕನ್ನರ ಒಡೆತನದ್ದು' ಎಂದು ಫಲಕ ಹಾಕಿದ್ದು, ಬ್ಯಾಂಕುಗಳು ಸಾಲಕ್ಕೂ ವಿಮಾ ಕಂಪನಿಗಳು ವಿಮೆಗೂ ಇಲ್ಲ ಎಂದದ್ದು ತೀರಾ ಹಳೆಯ ಮಾತಲ್ಲ. ಅವರು ಸಂಘ ಕಟ್ಟಿದ್ದೇ ಆ ಕಾರಣಕ್ಕೆ.

ಇದರ ಎದುರಿಗೆ ನೋವಾ ಸ್ಕೋಷಿಯಾದ ಆಂಟಿಗೋನಿಶ್ ಇದೆ. ಡಮಾಸ್ಕಸ್‌ನಲ್ಲಿದ್ದ ತಮ್ಮ ಚಾಕೊಲೇಟ್ ಕಾರ್ಖಾನೆಯನ್ನು ಬಾಂಬ್ ದಾಳಿಯಲ್ಲಿ ಕಳೆದುಕೊಂಡ ಹದ್‌ಹದ್ ಕುಟುಂಬ ನಿರಾಶ್ರಿತರಾಗಿ ಬಂದದ್ದು ಐದು ಸಾವಿರದಷ್ಟು ಜನರ ಆ ಪಟ್ಟಣಕ್ಕೆ. 2016ರಲ್ಲಿ ಊರಿನವರೇ ಕೈಹಾಕಿ ಮನೆಯ ಪಕ್ಕ ಒಂದು ಶೆಡ್ ಎಬ್ಬಿಸಿಕೊಟ್ಟರು. ಅಲ್ಲಿ ಶುರುವಾದ 'ಪೀಸ್ ಬೈ ಚಾಕೊಲೇಟ್' ಮರುವರ್ಷವೇ ಸ್ವಂತ ಕಾರ್ಖಾನೆ ತೆರೆಯಿತು. ಪತ್ರಿಕೆಗಳು ಇದನ್ನು ಒಳ್ಳೆಯ ಮನಸ್ಸಿನ ಕಥೆಯಾಗಿ ಹೇಳುತ್ತವೆ. ಅದರ ಹಿಂದೆ ಇನ್ನೂ ಎರಡು ಸಂಗತಿಗಳಿವೆ. ಆಂಟಿಗೋನಿಶ್ ವಿಶ್ವವಿದ್ಯಾಲಯದ ಊರು, 1920-30ರ ದಶಕಗಳಲ್ಲಿ ಮೀನುಗಾರರಿಗೂ ರೈತರಿಗೂ ಸಹಕಾರ ಸಂಘ ಕಟ್ಟಲು ಕಲಿಸಿದ ಚಳವಳಿ ಹುಟ್ಟಿದ ಊರು. ಒಟ್ಟಾಗಿ ಕೈಹಾಕುವುದು ಅಲ್ಲಿ ರೂಢಿ. ಮತ್ತು ಆ ಕುಟುಂಬವನ್ನು ಕರೆಸಿಕೊಂಡದ್ದೇ ಊರಿನ ಒಂದು ತಂಡ. ನಿಮ್ಮನ್ನು ಯಾರೂ ಕರೆಸಿಕೊಂಡಿಲ್ಲ. ವ್ಯಾಪಾರದ ದೃಷ್ಟಿಯಿಂದ ಮುಖ್ಯವಾದದ್ದು ಇನ್ನೊಂದು: ಅವರು ಬರೀ ಆ ಊರಿಗೆ ಮಾರಿದ್ದರೆ ಶೆಡ್ಡಿನಲ್ಲೇ ಉಳಿಯುತ್ತಿದ್ದರು. ಊರಿನಲ್ಲಿ ತಯಾರಿಸಿ ದೇಶಕ್ಕೆಲ್ಲ ಮಾರಿದರು. ಹಾಸಿಗೆಯನ್ನು ಪೊಟ್ಟಣ ಕಟ್ಟಿ ಕಳುಹಿಸಲಾಗದು.

ನನ್ನ ಅನುಭವದಲ್ಲಿ ನಿಮ್ಮಂಥವರನ್ನು ಊರು ವ್ಯಾಪಾರಿಯಾಗಿ ಬಹಳ ಬೇಗ ಒಪ್ಪುತ್ತದೆ. ಅದಕ್ಕೆ ಮೋಟೆಲ್ ಬೇಕು. ಸ್ನೇಹಿತನಾಗಿ ಒಪ್ಪಲು ಹೊತ್ತು ಹಿಡಿಯುತ್ತದೆ, ಅದು ಪೂರ್ತಿ ನಿಮ್ಮ ಕೈಯಲ್ಲೂ ಇಲ್ಲ. ಮಕ್ಕಳ ಹಾಕಿ ತಂಡದ ಅಂಗಿಗೆ ಹಣ ಕೊಡಿ, ಶರತ್ಕಾಲದ ಊರೂಟಕ್ಕೆ ಒಂದು ದೊಡ್ಡ ಪಾತ್ರೆ ಚಿತ್ರಾನ್ನ ಒಯ್ಯಿರಿ, ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಹೆಸರು ಕೊಡಿ. ಒಬ್ಬಿಬ್ಬರು ಅಸಭ್ಯವಾಗಿ ಮಾತನಾಡಿಯೇ ಮಾತನಾಡುತ್ತಾರೆ. ಅದಕ್ಕಿಂತ ಕಷ್ಟ ಒಂಟಿತನ. ಬ್ರಾಂಪ್ಟನ್‌ನಲ್ಲಿ ಕರಿಬೇವು ಪಕ್ಕದ ಬೀದಿಯಲ್ಲಿದೆ, ಕನ್ನಡ ಮಾತಾಡುವವರು ಕರೆದರೆ ಬರುತ್ತಾರೆ. ಅಲ್ಲಿ ಹಬ್ಬಕ್ಕೆ ರಜೈನಾಕ್ಕೋ ಸಸ್ಕಟೂನ್‌ಗೋ ಗಂಟೆಗಟ್ಟಲೆ ಕಾರು ಓಡಿಸಬೇಕು, ಮೋಟೆಲ್ ನೋಡಿಕೊಳ್ಳಲು ಒಬ್ಬರು ಹಿಂದೆ ಉಳಿಯಬೇಕು. ಹಾಗೆ ಉಳಿಯುವವರು ಹೆಚ್ಚಾಗಿ ಹೆಂಡತಿಯೇ ಆಗಿರುತ್ತಾರೆ. ಫೆಬ್ರುವರಿಯಲ್ಲಿ ಒಂದು ವಾರ ಇಬ್ಬರೂ ಹೋಗಿ ಅದೇ ಮೋಟೆಲ್‌ನಲ್ಲಿ ಬಾಡಿಗೆ ಕೊಟ್ಟು ಇದ್ದು ಬನ್ನಿ. ಜುಲೈನಲ್ಲಿ ನೋಡಿ ಕೊಂಡವರು ಅರ್ಧ ಊರನ್ನು ಮಾತ್ರ ನೋಡಿರುತ್ತಾರೆ.

ಕಾಯಂ ನಿವಾಸವಿಲ್ಲದ ಓದುಗರಿಗೆ ಇಲ್ಲೇ ಒಂದು ಮಾತು. 'ಹಳ್ಳಿಯಲ್ಲಿ ಅಂಗಡಿ ಕೊಳ್ಳಿ, ಪೌರತ್ವ ಪಡೆಯಿರಿ' ಎನ್ನುವ ಏಜೆಂಟರನ್ನು ನಂಬಬೇಡಿ. 2025ರಲ್ಲಿ 14 ಸಮುದಾಯಗಳೊಂದಿಗೆ ಆರಂಭವಾದ ಕೆನಡಾದ ಗ್ರಾಮೀಣ ವಲಸೆ ಯೋಜನೆ ನಿಂತಿರುವುದು ಉದ್ಯೋಗದ ಕರೆಯ ಮೇಲೆ, ಅಂಗಡಿ ಕೊಳ್ಳುವುದರ ಮೇಲಲ್ಲ. ಸಸ್ಕಾಚೆವಾನ್ ತನ್ನ ಉದ್ಯಮಿಗಳ ವಿಭಾಗವನ್ನೇ ಅದೇ ವರ್ಷ ಮುಚ್ಚಿತು. ವೀಸಾಕ್ಕಾಗಿ ಕೊಂಡ ಅಂಗಡಿಗೆ ಯಾವಾಗಲೂ ಹೆಚ್ಚು ಬೆಲೆ ತೆತ್ತಿರುತ್ತಾರೆ, ಏಕೆಂದರೆ ಮಾರುವವನಿಗೆ ಅವರ ಅವಸರ ಗೊತ್ತು.

ಕೊಳ್ಳುವ ಹಂತಕ್ಕೆ ಬಂದರೆ, ಮಾರುವವರು ಕಂಪನಿಯ ಷೇರುಗಳನ್ನೇ ಕೊಳ್ಳಿ ಎನ್ನಬಹುದು. ಕಾರಣ ಸರಳ: ಅರ್ಹ ಸಣ್ಣ ವ್ಯಾಪಾರದ ಷೇರು ಮಾರಿದರೆ ಜೀವಮಾನದಲ್ಲಿ ಹನ್ನೆರಡೂವರೆ ಲಕ್ಷ ಡಾಲರ್‌ವರೆಗಿನ ಬಂಡವಾಳ ಲಾಭಕ್ಕೆ ಅವರಿಗೆ ತೆರಿಗೆ ವಿನಾಯಿತಿ ಇದೆ. ನಿಮಗೆ ಒಳ್ಳೆಯದು ಆಸ್ತಿಯನ್ನು ಮಾತ್ರ ಕೊಳ್ಳುವುದು. ಷೇರು ಕೊಂಡರೆ ಅವರ ಹಳೆಯ ತೆರಿಗೆ ಬಾಕಿ, ಮೊಕದ್ದಮೆಗಳೂ ಕಂಪನಿಯ ಜೊತೆಗೇ ಬರುತ್ತವೆ. ಷೇರು ಕೊಳ್ಳಲೇಬೇಕಾದರೆ ಅವರಿಗೆ ಉಳಿಯುವ ತೆರಿಗೆಯಲ್ಲಿ ನಿಮಗೂ ಪಾಲು ಬರುವಂತೆ ಬೆಲೆ ಇಳಿಸಿ. ಬೆಲೆಯ ಒಂದು ಭಾಗವನ್ನು ಮಾರುವವರೇ ಸಾಲವಾಗಿ ಬಿಟ್ಟುಕೊಡಲಿ ಎಂದು ಕೇಳಿ. ಹಳ್ಳಿಗಾಡಿನಲ್ಲಿ ಇದು ರೂಢಿ, ಮತ್ತು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ತಮ್ಮ ವ್ಯಾಪಾರದ ಮೇಲೆ ನಂಬಿಕೆಯಿರುವವರು ಒಪ್ಪುತ್ತಾರೆ, ಕೈತೊಳೆದುಕೊಳ್ಳುವ ಆತುರದಲ್ಲಿರುವವರು ಒಪ್ಪುವುದಿಲ್ಲ. ಸಾಲಕ್ಕೆ ಊರಿನ ಕ್ರೆಡಿಟ್ ಯೂನಿಯನ್‌ಗೂ (ಸದಸ್ಯರೇ ಒಡೆಯರಾದ ಸಹಕಾರಿ ಬ್ಯಾಂಕ್), ಗ್ರಾಮೀಣ ವ್ಯಾಪಾರಗಳಿಗೆಂದೇ ಇರುವ ಕಮ್ಯುನಿಟಿ ಫ್ಯೂಚರ್ಸ್ ಕಚೇರಿಗೂ ಹೋಗಿ. ಅವರಿಗೆ ಊರಿನ ಒಳಗುಟ್ಟೂ ಗೊತ್ತಿರುತ್ತದೆ. ಆ ಜಾಗದಲ್ಲಿ ಹಿಂದೆ ಎಂದಾದರೂ ಪೆಟ್ರೋಲ್ ಬಂಕ್ ಇತ್ತೇ ಎಂದು ತಪ್ಪದೆ ವಿಚಾರಿಸಿ. ನೆಲದಡಿಯ ಹಳೆಯ ಟ್ಯಾಂಕ್ ಸೋರಿದ್ದರೆ ಮಣ್ಣು ತೆಗೆಸುವ ಖರ್ಚು ಮೋಟೆಲಿನ ಬೆಲೆಯನ್ನೇ ನುಂಗಬಹುದು.

ಅಪ್ಪನ ಜಮೀನಿನ ಬಗ್ಗೆ: ಪುರಸಭೆಯ ಗಡಿಯಿಂದ ಕಾನೂನು ಹೇಳುವಷ್ಟು ದೂರವಿರುವ ಗ್ರಾಮೀಣ ಕೃಷಿ ಭೂಮಿಯಾದರೆ ಮಾರಾಟದ ಮೇಲೆ ಬಂಡವಾಳ ಲಾಭ ತೆರಿಗೆ ಇಲ್ಲ. ಅವರು ನಿಮಗೆ ಉಡುಗೊರೆಯಾಗಿ ಕಳುಹಿಸಬಹುದು. ವಿದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಉದಾರೀಕೃತ ಯೋಜನೆಯಲ್ಲಿ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ ಎರಡೂವರೆ ಲಕ್ಷ ಅಮೆರಿಕನ್ ಡಾಲರ್ ಮಿತಿ. ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಬ್ಯಾಂಕ್ ಶೇ 20 ತೆರಿಗೆ ಹಿಡಿಯುತ್ತದೆ. ಅದು ರಿಟರ್ನ್ ಸಲ್ಲಿಸಿದ ಮೇಲೆ ವಾಪಸಾಗುವ ಹಣವೇ, ಆದರೆ ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ. ನಿಮ್ಮ ಎರಡು ಲಕ್ಷ ಕೆನಡಿಯನ್ ಡಾಲರ್ ಎಂದರೆ ಸುಮಾರು ಒಂದೂಕಾಲು ಕೋಟಿ ರೂಪಾಯಿ. ಅಷ್ಟನ್ನೂ ಹೀಗೆ ಕಳುಹಿಸಿದರೆ ಇಪ್ಪತ್ಮೂರು ಲಕ್ಷದಷ್ಟು ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಈ ಒಂದು ಅಡಚಣೆಯಿಂದಲೇ ವ್ಯವಹಾರ ಮುಗಿಸುವ ದಿನ ಹಣ ಸಾಲದೆ ಪರದಾಡಿದವರನ್ನು ನೋಡಿದ್ದೇನೆ.

ಹಾಗಾಗಿ ಕ್ರಮ ಹೀಗಿರಲಿ. ಈಗ ಜಮೀನಿಗೆ ಗಿರಾಕಿ ಹುಡುಕಬೇಡಿ. ಮಾರಾಟಗಾರರಿಗೆ ಐದು ಲಕ್ಷಕ್ಕೆ ಕೊಳ್ಳುವ ಲಿಖಿತ ಪ್ರಸ್ತಾವ ಕೊಡಿ, ಐದೂವರೆಯ ಮೇಲೆ ಹೋಗಬೇಡಿ. ಅದರಲ್ಲಿ ಷರತ್ತುಗಳಿರಲಿ: ಮೂರು ವರ್ಷಗಳ ತೆರಿಗೆ ರಿಟರ್ನ್ ಮತ್ತು ತಿಂಗಳವಾರು ಕೊಠಡಿ ಲೆಕ್ಕ ನಿಮ್ಮ ಲೆಕ್ಕಪರಿಶೋಧಕರು ನೋಡಿ ಒಪ್ಪಬೇಕು, ಕಟ್ಟಡ ಮತ್ತು ಮಣ್ಣಿನ ತಪಾಸಣೆ ಆಗಬೇಕು, ಸಾಲ ಮಂಜೂರಾಗಬೇಕು, ಹಳೆಯ ಮಾಲೀಕರು ಮೂರು ತಿಂಗಳು ಜೊತೆಗಿದ್ದು ಕೆಲಸ ತೋರಿಸಿಕೊಡಬೇಕು. ಇವೆಲ್ಲ ಲಿಖಿತವಾಗಿ ಪೂರೈಸಿದ ಮೇಲೆ, ವ್ಯವಹಾರ ಮುಗಿಸಲು ಕನಿಷ್ಠ ನಾಲ್ಕು ತಿಂಗಳ ಅವಧಿ ಇಟ್ಟುಕೊಂಡು, ಆಗ ಅಪ್ಪನಿಗೆ ಫೋನ್ ಮಾಡಿ.